ರಾಯರ ನಿಂಬೆರಸ ಪ್ರಕರಣ

ರಾಯರು: ಏನಪ್ಪಾ ಎಐ ಯಂತ್ರ, ‘ಮೂಗಿಗೆ ಎರಡು ಹನಿ ನಿಂಬೆರಸ, ಕೊರೊನಾ ಮಂಗಮಾಯ’ ಅಂತ ಬಂದಿದೆ. ನಿಜ ತಾನೆ?

ಯಂತ್ರ: ಸುಳ್ಳು. 2021ರಲ್ಲೇ ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ) ಅಲ್ಲಗಳೆದಿದೆ.

ರಾಯರು: ಗುಲಾಬಿ ಹೂವಿನ ಚಿತ್ರದ ಮೇಲೆ ಬರೆದಿದ್ದಾರೆ ಕಣಯ್ಯಾ!

ಯಂತ್ರ: ಚಿತ್ರದೊಳಗಿನ ಅಕ್ಷರವನ್ನೂ ಓದಿ, ಹಳೆಯ ಸುಳ್ಳುಗಳ ಜೊತೆ ತಾಳೆ ನೋಡುತ್ತೇನೆ.

ರಾಯರು: ಮತ್ತೆ ನಮ್ಮ ‘ಬೀಗರ ಬಳಗ’ ವಾಟ್ಸಾಪ್ ಗುಂಪಿನಲ್ಲೇ ಯಾಕೆ ಹಿಡಿಯಲಿಲ್ಲ?

ಯಂತ್ರ: ವಾಟ್ಸಾಪ್ ಸಂದೇಶಕ್ಕೆ ಬೀಗ ಹಾಕಿರುತ್ತೆ. ಕಳಿಸಿದವರು, ಪಡೆದವರಷ್ಟೇ ಓದಬಹುದು. ನೀವೇ ತಂದು ತೋರಿಸಬೇಕು.

ರಾಯರು: ತೋರಿಸಿದೆನಲ್ಲ, ಇನ್ನು ಕಳಿಸಲಾ?

(ಯಂತ್ರಕ್ಕೆ ನಿಟ್ಟುಸಿರು ಬರುವುದಿಲ್ಲ, ಬರುವಂತಿದ್ದರೆ ಇದೇ ಜಾಗ.)

ಯಂತ್ರ: ಸುಳ್ಳು ಅಂದೆನಲ್ಲ ಸ್ವಾಮಿ!

ರಾಯರು: ಅದಕ್ಕೇ ಕೆಳಗೆ ‘ಎಐ ಪರಿಶೀಲಿಸಿದೆ’ ಅಂತ ಸೇರಿಸಿದ್ದೀನಿ. ಆದರೆ ಬಹಳ ಸುತ್ತಿದ ಸಂದೇಶ 2020ರಿಂದ ಒಂದು ಸಲಕ್ಕೆ ಒಂದೇ ಗುಂಪಿಗೆ ಹೋಗೋದು. ಬೆರಳು ಸವೆದುಹೋಯ್ತು, ಅದಕ್ಕೇನಾದರೂ ಮನೆಮದ್ದು ಹೇಳು.