ಕಡ್ಡಿ ಮೇಲೋ, ಡಬ್ಬಿ ಮೇಲೋ?

ನಿಮ್ಮನೆ ಟೀವಿ ಮುಂದಿನ ಟೀಪಾಯ್ ಮೇಲೆ ಎಷ್ಟು ರಿಮೋಟುಗಳಿವೆ, ಎದ್ದು ಹೋಗಿ ನೋಡಿಕೊಂಡು ಬನ್ನಿ. ನಾನು ಕಾಯುತ್ತೇನೆ. ಟೀವಿಯದೊಂದು, ಡಿಶ್ ಡಬ್ಬಿಯದೊಂದು, ಫೈರ್ ಸ್ಟಿಕ್ ಅನ್ನುವ ಕಡ್ಡಿಯದೊಂದು, ಸೌಂಡ್‌ಬಾರ್‌ದೊಂದು. ಜೊತೆಗೆ ಯಾವುದರದು ಅಂತ ಯಾರಿಗೂ ಗೊತ್ತಿಲ್ಲದ, ಬಿಸಾಡಲು ಮಾತ್ರ ಯಾರಿಗೂ ಧೈರ್ಯ ಬಾರದ ಇನ್ನೊಂದು. ಒಂದಕ್ಕೆ ಅಂಗಡಿಯಿಂದ ತಂದ ದಿನದ ಪ್ಲಾಸ್ಟಿಕ್ ಕವರ್ ಹಾಗೇ ಇರುತ್ತದೆ, ಸೊಂಟಕ್ಕೊಂದು ರಬ್ಬರ್ ಬ್ಯಾಂಡ್ ಸಮೇತ. ಇನ್ನೊಂದರ ಬೆನ್ನಿನ ಮುಚ್ಚಳ ಎಂದೋ ಕಳೆದುಹೋಗಿ, ಸೆಲ್ಲುಗಳು ಸೆಲ್ಲೋಟೇಪಿನ ದಯೆಯಿಂದ ನಿಂತಿರುತ್ತವೆ. ಇಷ್ಟೆಲ್ಲ ಇದ್ದೂ ಮನೆಗೊಬ್ಬ ಗಂಡಸು ಮೊಬೈಲಿನಿಂದ ತಲೆ ಎತ್ತದೆ, "ಹೊಸದೊಂದು ಬಂದಿದೆಯಂತೆ ಕಣೇ, ಸಖತ್ ಫಾಸ್ಟಂತೆ" ಅಂತ ರಾಗ ತೆಗೆಯುತ್ತಾನೆ. ನಮ್ಮನೆಯಲ್ಲಿ ಈ ಖಾತೆ ಯಜಮಾನರದು.

ಅವರು ಹೋಲಿಸುವ ಪರಿ ನೋಡಬೇಕು ನೀವು. ಫೋರ್‌ಕೆ ಉಂಟೋ, ಡಾಲ್ಬಿ ಉಂಟೋ, ಮೆಮೊರಿ ಒಂದು ಜಿಬಿಯೋ ಎರಡೋ, ವೈಫೈ ಯಾವ ಪೀಳಿಗೆಯದು! ನನ್ನನ್ನು ನೋಡಲು ಬಂದಾಗ ಇದರಲ್ಲಿ ಕಾಲು ಭಾಗ ವಿಚಾರಿಸಿದ್ದರೂ ಅವರ ಬದುಕು ಬೇರೆಯೇ ಆಗುತ್ತಿತ್ತೇನೋ. ಇಷ್ಟು ತೂಗಿ ಅಳೆದು ತಂದ ಯಂತ್ರದಲ್ಲಿ ಅವರು ನೋಡುವುದೇನು ಅಂತೀರಿ? ಹಳೇ ಕ್ರಿಕೆಟ್ ಮ್ಯಾಚಿನ ಹೈಲೈಟ್ಸು. ಅದೂ ಎರಡನೇ ಓವರಿಗೇ ಗೊರಕೆ.

ವಿಸಿಆರ್ ಬಾಡಿಗೆಗೆ ತರುತ್ತಿದ್ದ ಕಾಲದಲ್ಲಿ ಈ ತಲೆಬಿಸಿ ಇರಲಿಲ್ಲ. ಅಂಗಡಿಯವನು ಯಾವ ಮೂರು ಕ್ಯಾಸೆಟ್ ಕೊಟ್ಟನೋ ಅವೇ ಸಿನಿಮಾ. ಬೆಳಗಾಗುವುದರೊಳಗೆ ಮೂರೂ ಮುಗಿಸಿ ವಾಪಸ್ ಕೊಡಬೇಕು, ಬೀದಿಯವರೆಲ್ಲ ಜಮಖಾನದ ಮೇಲೆ. ಹುಡುಕುವ ಮಾತೇ ಇಲ್ಲ. ಈಗ ನೋಡುವುದಕ್ಕಿಂತ ಹುಡುಕುವುದೇ ಹೆಚ್ಚು. ಊಟಕ್ಕೆ ತಟ್ಟೆ ಹಾಕಿಕೊಂಡು ಟೀವಿ ಮುಂದೆ ಕೂತರೆ, ಸಿನಿಮಾ ಆರಿಸುವ ಹೊತ್ತಿಗೆ ಮಜ್ಜಿಗೆ ಅನ್ನಕ್ಕೆ ಬಂದಿರುತ್ತೇವೆ. ಆದ್ದರಿಂದ ನನ್ನ ವಾದ ಇಷ್ಟೇ: ಚಿತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಕೇಳುವ ಕಾಲ ಹೋಯಿತು, ಹೆಸರುಳ್ಳ ಎಲ್ಲ ಸಾಧನಗಳಲ್ಲೂ ಚೆನ್ನಾಗಿಯೇ ಕಾಣುತ್ತದೆ. ಬೇಕಾದ ಸಿನಿಮಾ ಸಾರು ಅನ್ನ ಮುಗಿಯುವುದರೊಳಗೆ ಸಿಗುತ್ತದೆಯೇ ಅಂತ ಕೇಳಿ.

ಇದಕ್ಕೆ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪರೀಕ್ಷೆಯ ಹೆಸರು ಉಪೇಂದ್ರ. ನಗಬೇಡಿ. ಈ ಮಹಾನುಭಾವರು ನಿರ್ದೇಶಿಸಿದ ಚಿತ್ರಗಳ ಹೆಸರನ್ನೊಮ್ಮೆ ನೆನಪಿಸಿಕೊಳ್ಳಿ. 1993ರಲ್ಲಿ 'ಶ್!'. 1995ರಲ್ಲಿ 'ಓಂ'. 1998ರಲ್ಲಿ 'ಎ'. 2010ರಲ್ಲಿ ಬಂದದ್ದಕ್ಕೆ ಅಕ್ಷರವೇ ಇಲ್ಲ, ಬೆರಳಿನ ಮುದ್ರೆಯೊಂದೇ. ಜನ ಅದನ್ನು 'ಸೂಪರ್' ಅಂತ ಓದಿಕೊಂಡರು. 2024ರ 'ಯುಐ'ಗೂ ನಾಮದಂಥ ಒಂದು ಚಿಹ್ನೆ. ಟೀವಿಯಲ್ಲಿ ಹುಡುಕುವ ವ್ಯವಸ್ಥೆ ಮಾಡಿದವರು ನಮ್ಮ ಉಪ್ಪಿಯನ್ನು ಕನಸಿನಲ್ಲೂ ಕಂಡಿರಲಾರರು.

'ಎ' ಬೇಕು ಅಂತ ಬಾಣದ ಗುಂಡಿಯಿಂದ ಒಂದೇ ಒಂದು ಅಕ್ಷರ ಒತ್ತಿದಿರಿ ಅನ್ನಿ. ಆ ಅಕ್ಷರದಿಂದ ಶುರುವಾಗುವ ಲೋಕದ ಸಮಸ್ತ ಚಿತ್ರಗಳೂ ಮೆರವಣಿಗೆ ಹೊರಡುತ್ತವೆ, ನಿಮಗೆ ಬೇಕಾದದ್ದೊಂದನ್ನು ಬಿಟ್ಟು. 'ಶ್!' ಬೇಕಾದರೆ ಇಂಗ್ಲಿಷಿನ ಎಸ್ ಆದ ಮೇಲೆ ಎಷ್ಟು ಎಚ್ ಒತ್ತಬೇಕು ಅನ್ನುವುದೇ ಒಂದು ಜಿಜ್ಞಾಸೆ. ಸರಿ, ಮೈಕಿನ ಗುಂಡಿ ಒತ್ತಿ ಬಾಯಲ್ಲೇ ಹೇಳೋಣ ಅಂತ 'ಓಂ' ಅಂದೆ. ಧ್ಯಾನದ ಸಂಗೀತ ಶುರುವಾಯಿತು, ಹಿಮಾಲಯದ ಚಿತ್ರ ಸಮೇತ. ಶಿವಣ್ಣನ ಲಾಂಗು ಕಾಣಲಿಲ್ಲ. ಕೊನೆಗೆ ಮೈಕಿಗೆ ಬಾಯಿಟ್ಟು 'ಶ್!' ಅಂದೆ. ಪರದೆ ತೆಪ್ಪಗೆ ನಿಂತಿತು. ಅತ್ತೆಯವರು ಸೋಫಾದಿಂದಲೇ, "ಗದರಿದ್ದಕ್ಕೆ ಸುಮ್ಮನಾಯ್ತು ನೋಡಮ್ಮ, ನನ್ನ ಮಗನಿಗಿಂತ ವಾಸಿ" ಅಂದರು.

ಅತ್ತೆಯವರದು ಇನ್ನೊಂದು ಪರೀಕ್ಷೆ. ಅವರಿಗೆ 'ಕಸ್ತೂರಿ ನಿವಾಸ' ಬೇಕು. ಇಂಗ್ಲಿಷಿನಲ್ಲಿ ಅದನ್ನು ಟಿ ಆದ ಮೇಲೆ ಎಚ್ ಹಾಕಿ ಬರೆಯಬೇಕೋ, ಹಾಕದೆಯೋ? ನಾವು ದಕ್ಷಿಣದವರು ಎಚ್ ಹಾಕುವವರು, ಯಂತ್ರಕ್ಕೆ ಪಟ್ಟಿ ಬರೆದವನು ಯಾವ ಕಡೆಯವನೋ. ಸಿಕ್ಕಿದ ಮೇಲಾದರೂ ಮುಗಿಯಿತೇ? 1971ರ ಕಪ್ಪುಬಿಳುಪಿನದೋ, 2014ರಲ್ಲಿ ಬಣ್ಣ ಬಳಿದು ಬಿಟ್ಟದ್ದೋ? "ಬಣ್ಣದ್ದು ಬೇಡಮ್ಮ, ನಾನು ನೋಡಿದ್ದು ಹಾಗಿರಲಿಲ್ಲ" ಅನ್ನುತ್ತಾರೆ. ಇನ್ನೊಂದು ದಿನ 'ಗಂಧದ ಗುಡಿ' ಕೇಳಿದರು. 1973ರದನ್ನು ಕೇಳಿದರೆ 2022ರದು ಬಂತು. ಅಪ್ಪನ ಬದಲು ಮಗ. ಬದಲಾಯಿಸಲು ಹೋದೆ. "ಇರಲಿ ಬಿಡು, ಅಪ್ಪು ಅಲ್ವಾ" ಅಂದು ಪೂರ್ತಿ ನೋಡಿದರು. ತಪ್ಪಾಗಿ ಹುಡುಕಿದ ಯಂತ್ರಕ್ಕೆ ಅವತ್ತು ಪೂರ್ತಿ ಅಂಕ.

ಫೈರ್ ಸ್ಟಿಕ್ಕಿನ ಮೈಕಿಗೆ ಓಗೊಡುವ ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ನಮ್ಮತ್ತೆಗೆ ಹಿಂದಿ ಬರುವುದಿಲ್ಲ. ಹೀಗಾಗಿ ಅವರಿಬ್ಬರ ನಡುವೆ ಈಗ ನಾನೇ ದುಭಾಷಿ.

"ಟೀವಿಯೊಳಗೇ ಎಲ್ಲ ಇದೆಯಲ್ಲ, ಮತ್ತೇಕೆ ಕಡ್ಡಿ, ಡಬ್ಬಿ?" ಅಂತ ಕೇಳುವ ಬುದ್ಧಿವಂತರಿದ್ದಾರೆ. ನ್ಯಾಯವೇ. ಸ್ಯಾಮ್‌ಸಂಗ್ ಟೀವಿಯೊಳಗೆ ಟೈಜೆನ್ ಕೂತಿದೆ, ಎಲ್‌ಜಿಯೊಳಗೆ ವೆಬ್‌ಓಎಸ್. ಈ ವೆಬ್‌ಓಎಸ್ ಮೊದಲು ಪಾಮ್ ಕಂಪನಿಯ ಫೋನಿಗಾಗಿ ಹುಟ್ಟಿದ್ದು. ಅಲ್ಲಿಂದ ಎಚ್‌ಪಿ ಮನೆ ಸೇರಿ, 2013ರಲ್ಲಿ ಎಲ್‌ಜಿ ಪಾಲಾಗಿ, ಈಗ ಗೋಡೆಯ ಮೇಲೆ ನೆಮ್ಮದಿಯಾಗಿದೆ. ಮಿಕ್ಕ ಎಷ್ಟೋ ಟೀವಿಗಳೊಳಗೆ ಗೂಗಲ್. ತೊಂದರೆ ಏನೆಂದರೆ ಟೀವಿಯ ಗಾಜು ಹತ್ತು ವರ್ಷ ಬಾಳುತ್ತದೆ, ಒಳಗಿನ ಮಿದುಳು ಅಷ್ಟು ಕಾಲ ತಡೆಯುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಒಂದು ಜಿಬಿ ಮೆಮೊರಿ, ಎಂಟು ಜಿಬಿ ಜಾಗ. ನಾಲ್ಕು ಆಪ್ ಹಾಕಿದರೆ ಉಬ್ಬಸ. ಗುಂಡಿ ಒತ್ತಿ, ಅಡಿಗೆಮನೆಗೆ ಹೋಗಿ ಹಾಲು ಉಕ್ಕಿಸಿಕೊಂಡು ಬಂದರೂ ಸುತ್ತುವ ಚಕ್ರ ಸುತ್ತುತ್ತಲೇ ಇರುತ್ತದೆ. ಆಪಿನವರೂ ಹಳೇ ಟೀವಿಗಳ ಕೈ ಬಿಡುತ್ತಾರೆ: 2019ರ ಡಿಸೆಂಬರ್ ಒಂದರಿಂದ 2010, 2011ರ ಕೆಲವು ಸ್ಯಾಮ್‌ಸಂಗ್ ಸೆಟ್ಟುಗಳಲ್ಲಿ ನೆಟ್‌ಫ್ಲಿಕ್ಸ್ ನಿಂತೇಹೋಯಿತು. ಟೀವಿ ಸತ್ತಿರಲಿಲ್ಲ. ಇಂಥ ಟೀವಿಗೇ ಕಡ್ಡಿ ಬೇಕಾಗುವುದು.

ಕಡ್ಡಿ ವಂಶದ ಹೆಸರಾಂತ ಹಿರಿಯ ಕ್ರೋಮ್‌ಕಾಸ್ಟ್. 2013ರಲ್ಲಿ ಅಮೆರಿಕದಲ್ಲಿ 35 ಡಾಲರಿಗೆ ಹುಟ್ಟಿ, 2014ರ ಡಿಸೆಂಬರಿನಲ್ಲಿ 2,999 ರೂಪಾಯಿಗೆ ನಮ್ಮಲ್ಲಿಗೆ ಬಂತು. ಅದಕ್ಕೆ ರಿಮೋಟೇ ಇರಲಿಲ್ಲ, ಫೋನೇ ರಿಮೋಟು. ಯಜಮಾನರು ಮರುಳಾದದ್ದು ಇಲ್ಲೇ. ಎರಡನೇ ಪೀಳಿಗೆಯದಕ್ಕೆ 2025ರ ಮಾರ್ಚಿನಲ್ಲಿ ಏನಾಯಿತು ಕೇಳಿ. ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದು, ಲೋಕದ ತುಂಬ ಇದ್ದ ಅಷ್ಟೂ ಕಡ್ಡಿಗಳು ಒಂದೇ ಸಲ ಮುಷ್ಕರ ಹೂಡಿದವು. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ 'ಬದುಕಿದ್ದೇನೆ' ಅಂತ ಬರೆದುಕೊಡಲು ಮರೆತ ಪೆನ್ಷನ್‌ದಾರನ ಗತಿ! ಗೂಗಲ್ ಆಮೇಲೆ ಸರಿಮಾಡಿತು. ಅಷ್ಟರೊಳಗೆ ಕಡ್ಡಿಯನ್ನು ಕಸಕ್ಕೆ ಹಾಕಿದವರು ಎಷ್ಟು ಮಂದಿಯೋ.

ಈ ಫೋನಿನ ದಾರಿಯಲ್ಲಿ ಒಂದು ಸೂಕ್ಷ್ಮ ಇದೆ, ಮರ್ಯಾದಸ್ಥರು ಗಮನಿಸಬೇಕು. ಕಾಸ್ಟ್ ಮಾಡುವುದೇ ಬೇರೆ, ಮಿರರ್ ಮಾಡುವುದೇ ಬೇರೆ. ಕಾಸ್ಟ್ ಮಾಡಿದಾಗ ಫೋನು 'ಇಂಥ ಸಿನಿಮಾ ತೋರಿಸು' ಅಂತ ಅಪ್ಪಣೆ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ, ಟೀವಿಯೇ ನೇರವಾಗಿ ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಮಿರರ್ ಮಾಡಿದರೆ ಫೋನಿನಲ್ಲಿ ಕಂಡದ್ದೆಲ್ಲ ಟೀವಿಯಲ್ಲೂ ಕಾಣುತ್ತದೆ. ನಾದಿನಿಯ ಸಂಸಾರ ಬಂದು ಕೂತಿದ್ದಾಗ ಯಜಮಾನರ ಫೋನನ್ನು ಹೀಗೆ ಟೀವಿಗೆ ಹಾಕಲಾಗಿತ್ತು. ಅಡಿಗೆಮನೆಯಿಂದ ನಾನು ಕಳಿಸಿದ "ಇವರು ರಾತ್ರಿ ಊಟಕ್ಕೂ ಇರ್ತಾರೇನ್ರೀ?" ಅನ್ನುವ ವಾಟ್ಸಾಪು 55 ಇಂಚಿನಲ್ಲಿ ಬಂತು. ಇದ್ದರು. ಉಪ್ಪಿಟ್ಟೇ ಮಾಡಿ ಹಾಕಿದೆ.

ಅಷ್ಟು ಪ್ರೀತಿಯ ಕಾಸ್ಟಿಂಗಿಗೂ ಈಗ ಕಾಲ ಮುಗಿಯುತ್ತಿದೆ. 2025ರ ಕೊನೆಗೆ ನೆಟ್‌ಫ್ಲಿಕ್ಸಿನವರು, ರಿಮೋಟ್ ಇರುವ ಬಹುಪಾಲು ಸಾಧನಗಳಿಗೆ ಫೋನಿನಿಂದ ಕಾಸ್ಟ್ ಮಾಡುವುದನ್ನು ನಿಲ್ಲಿಸಿಬಿಟ್ಟರು. ಅಂದರೆ ಸುತ್ತಿ ಬಳಸಿ ರಿಮೋಟಿಗೇ ಬಂದೆವು.

ರಿಮೋಟಿನ ಮಹಿಮೆ ಅಷ್ಟಿಷ್ಟಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಎಂಬಾತ ಬೆಳಕು ಬಿಟ್ಟು ಟೀವಿ ತಿರುಗಿಸುವ ತಂತಿಯಿಲ್ಲದ ರಿಮೋಟ್ ಮಾಡಿದ. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತಂತೆ. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಕಿವಿಗೆ ಕೇಳದ ಸದ್ದಿನಿಂದ ನಡೆಯುವ ರಿಮೋಟ್ ತಂದ, ಅದಕ್ಕೆ ಸೆಲ್ಲೇ ಬೇಡವಾಗಿತ್ತು. ಸೆಲ್ಲು ಬೇಡದ ರಿಮೋಟ್! ನಾವು ಅಲ್ಲಿಂದ ಮುಂದುವರಿದು, ಅಂಗೈಗೆ ಎರಡೇಟು ಬಡಿದು, ಸೆಲ್ಲನ್ನು ತಿರುಗಿಸಿ ಮುರುಗಿಸಿ ಹಾಕುವ ಮಟ್ಟಕ್ಕೆ ಬಂದಿದ್ದೇವೆ. ಈಗಿನ ಎಷ್ಟೋ ರಿಮೋಟುಗಳಲ್ಲಿ ಅಂಕಿಗಳಿಲ್ಲ, ಆಪುಗಳ ಹೆಸರು ಅಚ್ಚು ಹಾಕಿದ ನಾಲ್ಕು ಗುಂಡಿಗಳಿವೆ. ಆ ಗುಂಡಿಗಳು ನಮ್ಮ ಅನುಕೂಲಕ್ಕೆ ಬಂದವಲ್ಲ, ಜಾಗಕ್ಕೆ ಕಾಸು ಕೊಟ್ಟವರಿದ್ದಾರೆ. ಕತ್ತಲಲ್ಲಿ ಧ್ವನಿ ಕಮ್ಮಿ ಮಾಡಲು ಹೋಗಿ ಅದರ ಮೇಲೆ ಬೆರಳು ಬಿತ್ತೋ, ಕ್ಲೈಮ್ಯಾಕ್ಸಿನಿಂದ ನೇರ ಚಂದಾ ಕಟ್ಟುವ ಪುಟಕ್ಕೆ. ಟೀವಿಯ ಮುಖಪುಟದ ಕಥೆಯೂ ಅಷ್ಟೇ: ಎಲ್ಲಕ್ಕಿಂತ ಮೇಲೆ ಜಾಹೀರಾತು, ಅದರ ಕೆಳಗೆ ಅವರು ಮಾರಬೇಕಾದದ್ದು, ಅದರ ಕೆಳಗೆ ಮೊನ್ನೆ ಅರ್ಧಕ್ಕೆ ಬಿಟ್ಟದ್ದು. ಕನ್ನಡದ ಸಾಲು ಹುಡುಕುತ್ತಾ ಇಳಿದು ಇಳಿದು ಹೆಬ್ಬೆರಳು ಸವೆಯಬೇಕು.

ಈ ವಿಷಯದಲ್ಲಿ ಆ್ಯಪಲ್ ಟೀವಿ ಡಬ್ಬಿ ಸಭ್ಯಸ್ಥ. ಮುಖಪುಟದಲ್ಲಿ ಸಂತೆಯಿಲ್ಲ, ಗುಂಡಿ ಒತ್ತಿದ ತಕ್ಷಣ ಓಡುತ್ತದೆ. 2022ರ ಫೋರ್‌ಕೆ ಮಾದರಿ ಬಂದಾಗ ಬೆಲೆ 14,900 ರೂಪಾಯಿ. ಅಷ್ಟು ಕೊಟ್ಟರೂ ಪೆಟ್ಟಿಗೆಯೊಳಗೆ ಎಚ್‌ಡಿಎಂಐ ಕೇಬಲ್ ಇಲ್ಲ, ಅದನ್ನು ನೀವೇ ತರಬೇಕು. ಮನೆಯಲ್ಲಿ ಐಫೋನೂ ಕೈಯಲ್ಲಿ ಕಾಸೂ ಇದ್ದರೆ ತಗೊಳ್ಳಿ, ನಾನು ಅಡ್ಡ ಬರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ರೋಕು ರೋಕು ಅಂತ ಜಪ ಮಾಡುತ್ತಾನೆ. ಮಾಡಲಿ, ಅದು ಆ ದೇಶದ ಮಾತು.

ಎಸ್.ಪಿ. ರೋಡಿನಲ್ಲಿ 'ಎಂಟು ಕೆ' ಅಂತ ಬರೆದ, ಹೆಸರಿಲ್ಲದ ಅಗ್ಗದ ಡಬ್ಬಿ ಕಂಡು ಯಜಮಾನರ ಕಣ್ಣು ಅರಳಿತ್ತು. ಕೈ ಹಿಡಿದು ಎಳಕೊಂಡು ಬಂದೆ. ವೈಡ್‌ವೈನ್ ಎಂಬ ಬೀಗವೊಂದಿದೆ. ಅದರಲ್ಲಿ ಎಲ್‌-ಒನ್ ದರ್ಜೆಯ ಪರವಾನಗಿ ಇಲ್ಲದ ಡಬ್ಬಿಗೆ ನೆಟ್‌ಫ್ಲಿಕ್ಸಿನಂಥವರು ಮಸುಕು ಚಿತ್ರವನ್ನಷ್ಟೇ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ಎಂಟು ಕೆ, ಪರದೆಯ ಮೇಲೆ ದೂರದರ್ಶನ.

ಇನ್ನು ಸುಮ್ಮಸುಮ್ಮನೆ ಕಡ್ಡಿಯನ್ನು ಬೈಯುವವರಿಗೆ ಒಂದು ಮಾತು. ಆಗಾಗ ಆಫ್ ಆಗಿ ಆನ್ ಆಗುತ್ತದೆಯೇ? ಅದರ ವಯರನ್ನು ಟೀವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿರುತ್ತೀರಿ. ಹಳೇ ಕಿಂಡಿ ಕೊಡುವುದು ಅರ್ಧ ಆಂಪಿಯರು, ಕಡ್ಡಿ ಕೇಳುವುದು ಅದರ ದುಪ್ಪಟ್ಟು. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಚಕ್ರ ಸುತ್ತುತ್ತದೆಯೇ? ಪೂರ್ತಿ ಎಚ್‌ಡಿಗೆ ಐದು ಎಂಬಿಪಿಎಸ್, ಫೋರ್‌ಕೆಗೆ ಹದಿನೈದು ಸಾಕು ಅಂತ ನೆಟ್‌ಫ್ಲಿಕ್ಸೇ ಹೇಳುತ್ತದೆ. 399 ರೂಪಾಯಿಯ ಮೂವತ್ತು ಎಂಬಿಪಿಎಸ್ ಪ್ಲಾನಿನಲ್ಲೇ ಎರಡು ಮನೆಗಾಗುವಷ್ಟು ಸಿನಿಮಾ ಹರಿಯುತ್ತದೆ. ರೌಟರನ್ನು ಬೀರುವಿನ ಮೇಲೆ, ದೇವರಮನೆ ಗೋಡೆಯ ಆಚೆ ಬಚ್ಚಿಟ್ಟು, ಕಡ್ಡಿಗೆ ಶಾಪ ಹಾಕಿದರೆ ಹೇಗೆ?

ನನ್ನ ತೀರ್ಪು ಕೇಳಿದಿರಾದರೆ: ಇಬ್ಬರೇ ಇರುವ ಮನೆಗೆ, ಮಕ್ಕಳ ರೂಮಿಗೆ ಕಡ್ಡಿಯೇ ಸಾಕು. ಹಿರಿಯರಿರುವ ಮನೆಗೆ ಡಿಶ್‌ನವರೋ ಫೈಬರ್‌ನವರೋ ಕೊಡುವ, ಚಾನೆಲ್ಲೂ ಆಪೂ ಒಟ್ಟಿಗೆ ಬರುವ ಡಬ್ಬಿ ಮೇಲು. ತರುವ ಮುಂಚೆ ಅದರ ರಿಮೋಟಿನಲ್ಲಿ ಅಂಕಿಗುಂಡಿಗಳು ಇವೆಯೇ ಅಂತ ನೋಡಿ, ಏಕೆಂದರೆ ಅತ್ತೆಯವರಿಗೆ ಆಪುಗಳ ಹೆಸರು ಗೊತ್ತಿಲ್ಲ, ಉದಯ ಚಾನೆಲ್ಲಿನ ನಂಬರು ಬಾಯಿಪಾಠ. ಮನೆಯವರು ಹೊಸ ಸ್ಮಾರ್ಟ್ ಟೀವಿಗೆ ಇಎಂಐ ಲೆಕ್ಕ ಹಾಕುತ್ತಾ ಕೂತಿದ್ದರೆ, ಟೀವಿಯ ಹಿಂದೆ ಬಗ್ಗಿ, ಕಡ್ಡಿ ಚುಚ್ಚಲು ಎಚ್‌ಡಿಎಂಐ ಕಿಂಡಿಯೊಂದು ಖಾಲಿ ಇದೆಯೇ ನೋಡಿ. ಇದ್ದರೆ ಆ ಟೀವಿಯನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.