ಚಂಚಿಯ ಒಳಗಿನ ಕಿಸೆ

ಮುಂಜಾನೆ ಹಿತ್ತಲದಾಗ ಶೇಂಗಾ ಒಣಹಾಕುತ್ತಿದ್ದೆ. ಗೋಡೆಯಾಚೆಯಿಂದ ಬಾಜೂಮನಿ ಕಾಕಾ ಮೊಬೈಲ್ ಎತ್ತಿ ಹಿಡಿದು ಕೂಗಿದರು, ‘ಇಲ್ಲಿ ನೋಡ್ರಿ, ಮೇಲ್ ತುಂಬಿ ತುಳಕಾಕತ್ತೈತಿ. ಮಗಳು ಪುಣೆಯಿಂದ ಕಳಿಸಿದ್ದು ಬರವಲ್ದು!’

ನೋಡಿದೆ. ಜಿಮೇಲ್ ಪುಕ್ಕಟೆ ಕೊಡುವ 15 ಜಿಬಿ ಜಾಗ ಪೂರಾ ಭರ್ತಿ. ಕೇಳದಿದ್ದರೂ ಸಾಲ ಕೊಡುವವರು, ಕೂದಲು ಬೆಳೆಸುವವರು, ಬೈಲಹೊಂಗಲದಲ್ಲಿ ಕೂತ ಕಾಕಾಗೆ ದುಬೈಯಲ್ಲಿ ಬಂಗಲೆ ಮಾರುವವರು. ಒಂದರ ಕನ್ನಡವಂತೂ ನೋಡುವಂಗಿತ್ತು: ‘ಪ್ರಿಯ ಫಲಾನುಭವಿಯೇ, ನಿಮ್ಮ ಮೃತ ಬಂಧುವಿನ ಹಣ ನಿಮ್ಮನ್ನು ತಬ್ಬಿಕೊಳ್ಳಲು ಕಾದಿದೆ.’ ಕಾಕಾ ಎರಡು ಸಲ ಓದಿಸಿ ನಕ್ಕರು. ರೊಕ್ಕ ತಬ್ಬಿಕೊಂಡದ್ದು ಎಲ್ಲಿ ಕೇಳೀರಿ?

ರಾಮದುರ್ಗದ ಸೋದರಮಾವನ ಮನೆಗೆ ಮೊದಲು ಇಂಥವೇ ಕಾರ್ಡು ಬರುತ್ತಿದ್ದವು. ಮೇಲೆ ದೇವರ ಹೆಸರು, ಕೆಳಗೆ ‘21 ಮಂದಿಗೆ ಬರೆದು ಕಳಿಸಿ, ಇಲ್ಲದಿದ್ದರೆ ಕೇಡು’. ಅತ್ತಿ ಅಂಜಿಕೊಂಡು ಚಿಮಣಿ ಬೆಳಕಿನಾಗ ಬರೆಯಲು ಕೂಡುತ್ತಿದ್ದಳು, ಒಂಬತ್ತೋ ಹತ್ತೋ ಬರೆಯುವಷ್ಟರಲ್ಲಿ ಕಾರ್ಡಿನ ರೊಕ್ಕ ತೀರುತ್ತಿತ್ತು. ಅಲ್ಲಿಗೇ ಆ ಕೇಡಿನ ಕಥೆ ಮುಗಿಯುತ್ತಿತ್ತು. ಮೇಲ್‌ಗೆ ಹಂಗಲ್ಲ. ಒಬ್ಬರಿಗೆ ಕಳಿಸಿದರೂ ಲಕ್ಷ ಮಂದಿಗೆ ಕಳಿಸಿದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಲಕ್ಷದಾಗ ಒಬ್ಬ ಸಿಕ್ಕರೂ ಅವರಿಗೆ ಲಾಭ, ಅದಕ್ಕೇ ನಿಲ್ಲುವುದಿಲ್ಲ, ಹೌದಲ್ರಿ?

ಮೇಲ್‌ನ ಈ ಕಾಟ ಶುರುವಾದದ್ದೂ ಒಂದು ಹೆಸರಿನ ಪಟ್ಟಿಯಿಂದಲೇ. 1978ರ ಮೇ 3ರಂದು ಅಮೆರಿಕದ ಗ್ಯಾರಿ ಥ್ಯುರ್ಕ್ ತನ್ನ ಕಂಪನಿಯ ಕಂಪ್ಯೂಟರ್ ಮಾರಲು ಇಂಟರ್ನೆಟ್ಟಿಗೂ ಮೊದಲಿನ ಜಾಲವಾದ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳಿಸಿದ. ವಿಳಾಸ ಸಿಕ್ಕಿದ್ದು ಅಚ್ಚಾದ ಒಂದು ಪುಸ್ತಕದಲ್ಲಿ, ಅದನ್ನು ನೋಡಿ ಕೈಯಿಂದ ಟೈಪ್ ಮಾಡಿಸಿದ್ದರು. ಮಜಾ ಏನಂದರೆ, ವಿಳಾಸಗಳು ಮೇಲಿನ ಜಾಗದಲ್ಲಿ ಹಿಡಿಸದೆ ಪತ್ರದೊಳಗೇ ಚೆಲ್ಲಿಬಿಟ್ಟವಂತೆ. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಹಿಡಿಸದೆ ಅಂಚಿಗೆ ಹತ್ತಿಸಿದಂಗ!

ವಿಳಾಸ ಸಿಕ್ಕರೆ ತಾನೇ ಕಾಟ? ಇಲ್ಲಿ ನಮ್ಮ ಆಯಿ ನೆನಪಾಗುತ್ತಾಳೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಸೊಂಟಕ್ಕೆ ಚಂಚಿ. ಹೊರಗಿನ ಕಿಸೆಯಲ್ಲಿ ಎಲಿ, ಅಡಿಕಿ, ಚಿಲ್ಲರೆ. ಬಳೆಗಾರನಿಗೂ ಭಂಡಾರ ಮಾರುವವನಿಗೂ ಅದರಿಂದಲೇ. ಒಳಗಿನ ಕಿಸೆಯ ದಾರ ಜಾತ್ರೆ ಮುಗಿಯುವ ತನಕ ಬಿಚ್ಚಿದವಳಲ್ಲ. ಅಷ್ಟು ಗದ್ದಲದಾಗೂ ಅವಳ ದುಡ್ಡು ಒಮ್ಮೆಯೂ ಕಳೆಯಲಿಲ್ಲ.

ಕಾಕಾಗೂ ಅದನ್ನೇ ಮಾಡಿಕೊಟ್ಟೆ. ಅಂಗಡಿಯವರು ಬಿಲ್ಲಿಗೆ ಕೇಳಿದಾಗ, ಆ್ಯಪ್ ಕೇಳಿದಾಗ ಕೊಡಲು ಒಂದು ಹೊಸ ವಿಳಾಸ. ಬ್ಯಾಂಕು, ಪೆನ್ಶನ್ನು, ಮಕ್ಕಳಿಗೆ ಹಳೆಯದು. ಹಳೆಯದನ್ನು ಇನ್ನು ಯಾರಿಗೂ ಕೊಡಬ್ಯಾಡ್ರಿ ಅಂದೆ. ಗೊತ್ತಿರುವ ಅಂಗಡಿಯದಾದರೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಬಹುದು. ಗುರುತಿಲ್ಲದವರದನ್ನು ಒತ್ತಿದರೆ ‘ಮನಿಯಾಗ ಜನ ಅದಾರ’ ಅಂತ ಕೂಗಿ ಹೇಳಿದಂಗ. ಅದನ್ನು ‘ಸ್ಪ್ಯಾಮ್’ ಅಂತ ಗುರುತು ಮಾಡಿದರೆ ಸಾಕು, ಜಿಮೇಲೂ ಕಲಿಯುತ್ತದೆ. ಮೇಲ್‌ನೊಳಗಿನ ಚಿತ್ರ ತಾನಾಗಿ ತೆರೆದರೆ ನೀವು ಓದಿದ ಸುದ್ದಿ ಕಳಿಸಿದವನಿಗೆ ಮುಟ್ಟಬಹುದು. ಸೆಟ್ಟಿಂಗ್ಸ್‌ನಲ್ಲಿ ಚಿತ್ರ ತೋರಿಸುವ ಮೊದಲು ಕೇಳು ಅಂತ ಹೇಳಿಬಿಟ್ಟರೆ ಅದೂ ಬಂದ್.

ಆಮೇಲೆ ಸ್ಪ್ಯಾಮ್ ಡಬ್ಬಿ ಇಣುಕಿದೆವು. ಕಾಳು ಹಸನು ಮಾಡುವಾಗ ಕಲ್ಲಿನ ಜೋಡಿ ಒಂದೆರಡು ಒಳ್ಳೆ ಕಾಳೂ ಹೋಗುತ್ತವಲ್ರಿ? ಹಂಗೇ ಮಗಳ ಹಳೆಯದೊಂದು ಪತ್ರ ಅಲ್ಲಿ ಬಿದ್ದಿತ್ತು, ಕಿತ್ತೂರು ಉತ್ಸವಕ್ಕೆ ಬರ್ತೀನಿ ಅಂತ. 30 ದಿನ ಆದಮೇಲೆ ಜಿಮೇಲ್ ಅದನ್ನು ತಾನೇ ಅಳಿಸಿಬಿಡುತ್ತದೆ, ಇನ್ನೆರಡು ದಿನ ತಡವಾಗಿದ್ದರೆ ಹೋಗೇಬಿಡುತ್ತಿತ್ತು. ಕಾಕಾ ಸುಮ್ಮನೆ ಬಹಳ ಹೊತ್ತು ಅದನ್ನೇ ಓದಿದರು.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಇವತ್ತು ಸಂಜೆ ಬಾಜೂಕ ಕೂತು ಅವರ ಮೇಲ್ ಒಮ್ಮೆ ನೋಡ್ರಿ. ಯಾವುದೋ ಲಿಂಕ್ ಒತ್ತಿ ರೊಕ್ಕ ಹೋಗಿದ್ದರೆ ಅವರನ್ನು ಬೈಯಬ್ಯಾಡ್ರಿ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಕೊಡ್ರಿ.