ಒಂದೇ ಬಚ್ಚಲಿನ ಸಂತಾನ: ಸಹನೆಯ ಮೂಲಸ್ಥಾನ ಕುರಿತು ಕಿರುಪ್ರಬಂಧ

ಸಹನೆ ಮನುಷ್ಯನ ದೇಹದಲ್ಲಿ ಎಲ್ಲಿ ನೆಲೆಸಿದೆ? ಹೃದಯದಲ್ಲಿ ಎನ್ನುತ್ತಾರೆ ದಾರ್ಶನಿಕರು, ಮೆದುಳಿನಲ್ಲಿ ಎನ್ನುತ್ತಾರೆ ವೈದ್ಯರು. ಈ ಇಬ್ಬರೂ 11 ಜನಕ್ಕೆ ಒಂದೇ ಬಚ್ಚಲಿದ್ದ ಮನೆಯಲ್ಲಿ ಬೆಳೆದವರಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಸಹನೆ ಹುಟ್ಟುವುದು ಬಚ್ಚಲ ಬಾಗಿಲಾಚೆ, ಹೆಗಲ ಮೇಲೆ ಟವೆಲ್ ಹೊತ್ತು ನಿಂತ ಸಾಲಿನಲ್ಲಿ.

ಅಧ್ಯಯನದ ಅನುಕೂಲಕ್ಕಾಗಿ ಕನ್ನಡಿಗರನ್ನು ಎರಡು ಪ್ರಭೇದಗಳಾಗಿ ವಿಂಗಡಿಸಿದೆ. ಮೊದಲನೆಯದು ಜಮಖಾನ ಪ್ರಭೇದ. ಬೇಸಿಗೆ ರಜದಲ್ಲಿ ಅಜ್ಜಿಮನೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿ, ಪಕ್ಕದವನ ಮೊಣಕೈಯನ್ನೇ ದಿಂಬೆಂದುಕೊಂಡು ಬೆಳೆದದ್ದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಭಾನುವಾರ ಬೆಳಿಗ್ಗೆ ಇಡೀ ಬೀದಿ ಟೀವಿಯಿದ್ದ ಮನೆಯೊಳಗೆ ಹಿಡಿಸಿತು. ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದವನು ಮಾತ್ರ ರಾವಣನ ಮುಖ ಕಾಣದೆಯೇ ದೊಡ್ಡವನಾದ. ಈ ಪ್ರಭೇದದ ಮರಿಗಳಿಗೆ ಕುಳ್ಳ, ಡುಮ್ಮಿ, ಕರಿಯ, ಸೋಡಾಬುಡ್ಡಿ ಎಂಬ ಬಿರುದುಗಳನ್ನು ಹಿರಿಯರೇ ದಯಪಾಲಿಸುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲವೆಂದು ಬಿರುದು ಕೊಟ್ಟವರೆಲ್ಲ ಒಕ್ಕೊರಲಿನಿಂದ ಸಾಕ್ಷಿ ನುಡಿದಿದ್ದಾರೆ.

ಎರಡನೆಯದು ಅಟ್ಯಾಚ್ಡ್ ಬಾತ್‌ರೂಮ್ ಪ್ರಭೇದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮೇಷ್ಟರ ಬೆತ್ತವನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದ ಮೇಲೆ ಇದು ಹುಲುಸಾಗಿ ಹಬ್ಬಿತು. ನೆಂಟರು ಎರಡನೇ ದಿನವೂ ಉಳಿದರೆ ಇದಕ್ಕೆ ಉಸಿರುಕಟ್ಟುತ್ತದೆ. ‘ದಪ್ಪ ಆಗಿದೀಯಲ್ಲೋ’ ಎಂದ ಸೋದರಮಾವನನ್ನು ವಾಟ್ಸಾಪಿನಲ್ಲಿ ಬ್ಲಾಕ್ ಮಾಡುತ್ತದೆ.

ಜಮಖಾನದವರೇ ಶ್ರೇಷ್ಠರೆಂದು ಬರೆದು ಪ್ರಬಂಧಕ್ಕೆ ಮಂಗಳ ಹಾಡುವುದರಲ್ಲಿದ್ದೆವು. ಅಷ್ಟರಲ್ಲಿ ಅಜ್ಜಿಮನೆಯ ಹಿತ್ತಿಲಿನ ಉತ್ಖನನದಲ್ಲಿ ಒಂದು ತೆಂಗಿನ ಕರಟ ಸಿಕ್ಕಿ ಎಲ್ಲ ಕೆಟ್ಟಿತು. ಕೂಲಿಯಾಳಿಗೆ ನೀರು ಕೊಡುತ್ತಿದ್ದುದು ಅದರಲ್ಲಂತೆ. 11 ಜನರ ಗೊರಕೆಯನ್ನು, ಹೇಳದೆ ಬಂದ ಬೀಗರನ್ನು, ತಿಂಗಳುಗಟ್ಟಲೆ ತಳವೂರಿದ ಅಳಿಯನನ್ನು ಸಹಿಸಿದ ಮನೆಗೆ ಒಂದು ಲೋಟ ಸಹಿಸಲಾಗಿರಲಿಲ್ಲ. ಮೊಣಕೈಗೆ ಜಾಗ ಬಿಡುವುದನ್ನು ಕಲಿಸಿದ್ದರು, ಅಷ್ಟೆ. ಅದೂ ನಮ್ಮವರ ಮೊಣಕೈಗೆ. (ಇಂಥ ಭೇದಭಾವಕ್ಕೆ ಬಸವಣ್ಣನವರು 12ನೇ ಶತಮಾನದಲ್ಲೇ ತಕರಾರು ತೆಗೆದಿದ್ದರು. ಬಚ್ಚಲ ಸಾಲಿನವರಿಗೆ ಅದು ಪರೀಕ್ಷೆಯಲ್ಲಿ 5 ಅಂಕದ ಪ್ರಶ್ನೆಯಾಗಿ ಚೆನ್ನಾಗಿಯೇ ಪರಿಚಯವಿತ್ತು.)

‘ಕೆಲಸದ ಅಕ್ಕನ ಲೋಟ ಯಾಕಜ್ಜಿ ಬೇರೆ ಇದೆ?’ ಎಂದು ಆ ಮನೆಯಲ್ಲಿ ಕೇಳಿದ್ದು ಎರಡನೇ ಪ್ರಭೇದದ ಮರಿ. ‘ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ’ ಎಂದರು ಅಜ್ಜಿ. ಆ ಅಕ್ಕನ ಹೆಸರೇನೆಂದು ಸಂಶೋಧಕರು ವಿಚಾರಿಸಿದಾಗ ಮರಿಗೂ ಗೊತ್ತಿರಲಿಲ್ಲ. ಸಮಾನತೆಯ ಬಗ್ಗೆ ಸ್ಟೇಟಸ್ ಹಾಕುವುದಿದೆಯೆಂದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿತು.